ತೆಂಡಿ, ವನ್ನಿ, ಕಳ್ಳಕ್ಕಡಲು

ಚೆನ್ನೈನ ಬೆಸೆಂಟ್ ನಗರದ ಎಲಿಯಟ್ಸ್ ಬೀಚಿನ ಮರಳಿನ ಮೇಲೆ ಒಂದು ಬಿಳಿ ಕಮಾನು ಒಂಟಿಯಾಗಿ ನಿಂತಿದೆ. ಸಂಜೆಯಾದರೆ ಅದರ ನೆರಳಿನಲ್ಲಿ ಸುಂಡಲ್ ತಿನ್ನುವವರು, ಫೋಟೊ ತೆಗೆಸಿಕೊಳ್ಳುವ ಜೋಡಿಗಳು, ಗೋಡೆಗೆ ಚೆಂಡು ಹೊಡೆಯುವ ಹುಡುಗರು. ಸಿನಿಮಾ ಹಾಡುಗಳಲ್ಲಿ ಈ ಕಮಾನನ್ನು ಕಂಡವರು ಬಹಳ ಮಂದಿ. ಅದರ ಕಲ್ಲುಬರಹ ಓದಿದವರು ಕಡಿಮೆ. 1930ರ ಡಿಸೆಂಬರ್ 30ರಂದು ಇದೇ ಜಾಗದ ಹತ್ತಿರ, ಬೇರೆಯವರ ಜೀವ ಉಳಿಸಲು ನೀರಿಗಿಳಿದು ತಾನೇ ಮುಳುಗಿಹೋದ ಕೆ.ಎ.ಜೆ. ಶ್ಮಿಟ್ ಎಂಬ ಯುರೋಪಿಯನ್ನನ ನೆನಪಿಗೆ ಕಟ್ಟಿದ್ದು ಅದು.

ಆ ಬರಹದಲ್ಲಿ ಮನುಷ್ಯನ ಹೆಸರಿದೆ, ತಾರೀಖಿದೆ. ಅವನನ್ನು ಎಳೆದೊಯ್ದ ಬಲಕ್ಕೆ ಹೆಸರಿಲ್ಲ. ‘ಮುಳುಗಿದ’ ಅಂದಷ್ಟೇ ಇದೆ. ನಮ್ಮ ಪತ್ರಿಕೆಗಳೂ ಇಂದಿಗೂ ಹೀಗೇ ಬರೆಯುತ್ತವೆ: ಅಲೆಗೆ ಸಿಲುಕಿ, ಸಮುದ್ರಪಾಲು, ನೀರುಪಾಲು. ಯಾವ ಅಲೆ, ಎಂಥ ನೀರು, ಎತ್ತ ಕಡೆಗೆ ಎಳೆಯಿತು ಎಂಬುದು ಸುದ್ದಿಯೊಳಗೆ ಬರುವುದೇ ಇಲ್ಲ. ಹಾಗಾಗಿ ಮುಂದಿನ ವಾರ ಅದೇ ದಡಕ್ಕೆ ಬರುವವನಿಗೆ ಆ ಸುದ್ದಿಯಿಂದ ಕಲಿಯಲು ಏನೂ ಸಿಗುವುದಿಲ್ಲ.

ಎಲಿಯಟ್ಸ್ ಬೀಚಿನಂಥ ದಡದಲ್ಲಿ ಜನರನ್ನು ಹೆಚ್ಚಾಗಿ ಕೊಲ್ಲುವುದು ದೊಡ್ಡ ಅಲೆಯಲ್ಲ. ಅಲೆಗಳು ಸಾಲುಸಾಲಾಗಿ ದಡಕ್ಕೆ ನೀರು ತಂದು ಸುರಿಯುತ್ತವೆ. ಆ ನೀರು ಎಲ್ಲಾದರೂ ಒಂದು ಕಡೆಯಿಂದ ವಾಪಸು ಹೋಗಲೇಬೇಕು. ನೀರಿನಡಿಯ ಮರಳದಿಬ್ಬದಲ್ಲಿ ಎಲ್ಲಿ ತಗ್ಗಿದೆಯೋ ಅಲ್ಲಿ ಅದು ಒಟ್ಟುಗೂಡಿ, ಕಿರಿದಾದ ಕಾಲುವೆಯಾಗಿ ಆಳದ ಕಡೆಗೆ ಓಡುತ್ತದೆ. ಜೋರಾದಾಗ ಅದರ ವೇಗ ಸೆಕೆಂಡಿಗೆ ಎರಡು ಮೀಟರ್ ಮುಟ್ಟುತ್ತದೆ. ಪಳಗಿದ ಈಜುಗಾರನೂ ಅದಕ್ಕೆ ಎದುರಾಗಿ ಈಜಿ ಗೆಲ್ಲಲಾರ. ಇನ್ನೂ ಅಪಾಯದ ಸಂಗತಿಯೆಂದರೆ, ಆ ಕಾಲುವೆಯ ಮೇಲೆ ಅಲೆ ಒಡೆಯುವುದು ಕಡಿಮೆ. ಎರಡೂ ಬದಿಯಲ್ಲಿ ನೊರೆ ಕುದಿಯುತ್ತಿರುವಾಗ ನಡುವಿನ ಆ ಪಟ್ಟಿ ಮಾತ್ರ ಸ್ವಲ್ಪ ಕಪ್ಪಗೆ, ಶಾಂತವಾಗಿ ಕಾಣುತ್ತದೆ. ಕಡಲು ಕಂಡರಿಯದವರು ಮಕ್ಕಳನ್ನು ಕರೆದುಕೊಂಡು ಇಳಿಯುವುದು ಅಲ್ಲಿಯೇ. ಅದು ಯಾರನ್ನೂ ಕೆಳಗೆ ಎಳೆಯುವುದಿಲ್ಲ, ಆಚೆಗೆ ಒಯ್ಯುತ್ತದೆ. ದಡದ ಕಡೆ ಮುಖ ಮಾಡಿ ಒದ್ದಾಡಿದವನು ಸುಸ್ತಾಗಿ ಮುಳುಗುತ್ತಾನೆ. ದಡಕ್ಕೆ ಸಮನಾಗಿ, ಅಡ್ಡಕ್ಕೆ ಸ್ವಲ್ಪ ದೂರ ಈಜಿದವನು ಅದರ ಹಿಡಿತದಿಂದ ಹೊರಬರುತ್ತಾನೆ.

ಶ್ಮಿಟ್ ಮುಳುಗಿದ್ದು ಡಿಸೆಂಬರಿನ ಕೊನೆಯಲ್ಲಿ. ಆ ತಿಂಗಳ ಕಡಲು ಎಂಥದ್ದು ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಕಮಾನಿನಿಂದ ಬಡಗಣಕ್ಕೆ ದಡ ಹಿಡಿದು ನಡೆದರೆ ಊರೂರ್ ಕುಪ್ಪಂ, ಓಲ್ಕಾಟ್ ಕುಪ್ಪಂ ಎಂಬ ಎರಡು ಬೆಸ್ತರ ಊರುಗಳು ಸಿಗುತ್ತವೆ. ಅವುಗಳಾಚೆ ಅಡ್ಯಾರ್ ನದಿಯ ಅಳಿವೆ. ಬೆಸೆಂಟ್ ನಗರಕ್ಕೆ ಆನಿ ಬೆಸೆಂಟರ ಹೆಸರು, ಓಲ್ಕಾಟ್ ಕುಪ್ಪಕ್ಕೆ ಥಿಯೊಸಾಫಿಕಲ್ ಸೊಸೈಟಿಯ ಹೆನ್ರಿ ಸ್ಟೀಲ್ ಓಲ್ಕಾಟರ ಹೆಸರು. ಸೊಸೈಟಿ ಅಡ್ಯಾರಿಗೆ ಬಂದದ್ದು 1882ರಲ್ಲಿ. ಬಡಾವಣೆ ಎದ್ದದ್ದು ಅದಕ್ಕೂ ಎಷ್ಟೋ ಕಾಲದ ನಂತರ. ಮೀನುಗಾರರು ಇವೆಲ್ಲಕ್ಕಿಂತ ಮುಂಚಿನವರು, ಅವರ ಕಡಲಿನ ಮಾತುಗಳೂ ಹಾಗೆಯೇ.

ಕುಪ್ಪದವರು ದಡದುದ್ದಕ್ಕೆ ಹರಿಯುವ ನೀರನ್ನು ‘ವೆಳ್ಳಂ’ ಅನ್ನುತ್ತಾರೆ. ತೆಂಕಣದಿಂದ ಬಡಗಣಕ್ಕೆ ಹರಿದರೆ ‘ತೆಂಡಿ’, ಬಡಗಣದಿಂದ ತೆಂಕಣಕ್ಕೆ ಹರಿದರೆ ‘ವನ್ನಿ’. ನೀರು ಯಾವ ಕಡೆಯಿಂದ ಬರುತ್ತದೋ ಆ ಕಡೆಯ ಹೆಸರು ಅದಕ್ಕೆ. ಗಾಳಿಗೂ ಹಾಗೆಯೇ: ಬಡಗಣ-ಮೂಡಣದಿಂದ ಬೀಸುವುದು ‘ವಾಡೈ’, ತೆಂಕಣ-ಪಡುವಣದಿಂದ ಬೀಸುವುದು ‘ಕಚ್ಚಾನ್’, ಮೂಡಣದ್ದು ‘ಕೊಂಡಲ್’. ಬೆಳಗಿನ ಜಾವ ದೋಣಿ ನೂಕುವ ಮುಂಚೆ ಗಾಳಿ ಯಾವುದು, ನೀರು ಯಾವುದು ಎಂದು ಕೂಡಿಸಿ ನೋಡುತ್ತಾರೆ. ಬಲೆ ಬಿಡುವ ಜಾಗ, ಬಲೆಯ ಬಗೆ, ಎಷ್ಟು ದೂರ ಹೋಗುವುದು, ಹೋಗದೇ ಇರುವುದು ಎಲ್ಲ ಇದರ ಮೇಲೆ.

ನೀರಿನ ಓಟವನ್ನು ಅವರು ಗುರುತಿಸುವ ಬಗೆ ಹೀಗೆ. ಬಲೆಯ ತುದಿಗೆ ಬಾವುಟ ಕಟ್ಟಿದ ಕೋಲೊಂದು ತೇಲುತ್ತಿರುತ್ತದೆ. ಬಾವುಟ ಗಾಳಿಯ ಮಾತು ಕೇಳುತ್ತದೆ, ಕೋಲಿನ ಬುಡ ನೀರಿನ ಮಾತು ಕೇಳುತ್ತದೆ. ಬಾವುಟ ಒಂದು ಕಡೆ ಹಾರಿ ಕೋಲು ಇನ್ನೊಂದು ಕಡೆ ವಾಲಿದರೆ ಮೇಲಿನ ಗಾಳಿಗೂ ಕೆಳಗಿನ ನೀರಿಗೂ ಹೊಂದಿಕೆಯಿಲ್ಲ ಎಂದರ್ಥ. ಲಂಗರಿನ ಹಗ್ಗ ಎಷ್ಟು ಓರೆಯಾಗಿ ನಿಂತಿದೆ ಎಂಬುದರಿಂದ ವೇಗ ಗೊತ್ತಾಗುತ್ತದೆ. ಓಟ ಜೋರಿದ್ದರೆ ಅಡ್ಡ ಬಿಟ್ಟ ಬಲೆ ಮಡಚಿಕೊಂಡು ಹಗ್ಗದ ಉಂಡೆಯಾಗುತ್ತದೆ, ಮೀನಿರಲಿ, ಬಲೆಯೇ ದಕ್ಕುವುದಿಲ್ಲ. ಆದ್ದರಿಂದ ‘ಇವತ್ತು ವನ್ನಿ ಜೋರು’ ಎಂಬ ಮೂರು ಮಾತಿನಲ್ಲಿ ಆ ದಿನದ ಖರ್ಚು, ಡೀಸೆಲ್ಲು, ಅಪಾಯ, ಸಂಜೆಯ ಅಡುಗೆ ಎಲ್ಲ ಸೇರಿಕೊಂಡಿರುತ್ತದೆ.

ತೆಂಡಿ, ವನ್ನಿ ಎಂಬ ಈ ಎರಡು ಹೆಸರಿನ ಹಿಂದೆ ಬಂಗಾಳ ಕೊಲ್ಲಿಯ ಇಡೀ ವರ್ಷದ ನಡೆ ಇದೆ. ಭಾರತದ ಪೂರ್ವ ಕರಾವಳಿಯುದ್ದಕ್ಕೆ ಹರಿಯುವ ದೊಡ್ಡ ನೀರಿನ ಓಟ ವರ್ಷದಲ್ಲಿ ದಿಕ್ಕು ಬದಲಿಸುತ್ತದೆ. ಮಾಗಿಯ ಚಳಿ ಕಳೆದ ಮೇಲೆ ಅದು ಬಡಗಣಕ್ಕೆ ತಿರುಗುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ತೆಂಕಣಕ್ಕೆ. ಜೋರಾದ ದಿನ ಸೆಕೆಂಡಿಗೆ ಒಂದು ಮೀಟರನ್ನು ದಾಟುವುದೂ ಉಂಟು. ಬೇಸಿಗೆಯ ಕೊನೆಗೆ ಕಚ್ಚಾನ್ ದಡಕ್ಕೆ ಸಮನಾಗಿ ಬೀಸುವಾಗ, ಭೂಮಿಯ ತಿರುಗುವಿಕೆಯಿಂದಾಗಿ ಮೇಲಿನ ಬೆಚ್ಚಗಿನ ನೀರು ಬಲಕ್ಕೆ, ಅಂದರೆ ದಡ ಬಿಟ್ಟು ಆಚೆಗೆ ಸರಿಯುತ್ತದೆ. ಆ ಜಾಗಕ್ಕೆ ತಳದ ತಣ್ಣೀರು ಏರಿ ಬರುತ್ತದೆ, ಅದರೊಂದಿಗೆ ಮೀನಿನ ಮೇವೂ ಬರುತ್ತದೆ. ವಾಡೈ ಕಾಲದಲ್ಲಿ ಇದೇ ಲೆಕ್ಕ ತಿರುಗುಮುರುಗಾಗಿ, ನೀರು ದಡದ ಕಡೆಗೆ ಒತ್ತಿಕೊಂಡು ಕಡಲಿನ ಮಟ್ಟವೇ ಏರುತ್ತದೆ. ಹಾಗಾಗಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಕಡಲು ದಡವನ್ನು ಹೆಚ್ಚು ತಿನ್ನುತ್ತದೆ, ಇಳಿದವರನ್ನು ಹೆಚ್ಚು ಎಳೆಯುತ್ತದೆ. ಶ್ಮಿಟ್ ನೀರಿಗಿಳಿದದ್ದು ಆ ಕಾಲದ ಬಾಲ ಇನ್ನೂ ಮುಗಿಯದ ದಿನಗಳಲ್ಲಿ.

ಮರಳಿನ ಕಥೆಯೂ ಈ ಎರಡು ಮಾತಿನಲ್ಲೇ ಇದೆ. ತೆಂಡಿ ಕಾಲದ ಅಲೆಗಳು ಮರಳನ್ನು ಬಡಗಣಕ್ಕೆ ಸಾಗಿಸುತ್ತವೆ, ವನ್ನಿ ಕಾಲದವು ತೆಂಕಣಕ್ಕೆ. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಬಡಗಣಕ್ಕೆ ಹೋದದ್ದೇ ಹೆಚ್ಚು. ಅಡ್ಯಾರಿನ ಅಳಿವೆ ಬೇಸಿಗೆಯಲ್ಲಿ ಮರಳು ತುಂಬಿ ಮುಚ್ಚಿಕೊಳ್ಳುವುದೂ, ಹಿಂಗಾರಿನ ನೆರೆ ಬಂದಾಗ ಒಡೆದು ತೆರೆದುಕೊಳ್ಳುವುದೂ ಈ ಓಡಾಟದ ಭಾಗವೇ. ಅಳಿವೆ ತೆರೆದರೆ ಹಿನ್ನೀರಿನಲ್ಲಿ ಬೆಳೆದ ಸಿಗಡಿ ಕಡಲಿಗೆ ಬರುತ್ತದೆ. ಅದು ಮುಚ್ಚಿದರೆ ಕುಪ್ಪದವರಿಗೆ ನಷ್ಟ, ಊರಿನ ಕೊಳಚೆಗೆ ದಾರಿಯಿಲ್ಲ.

ಚೆನ್ನೈ ನಗರ ಈ ಲೆಕ್ಕವನ್ನು ಬಹಳ ದುಬಾರಿಯಾಗಿ ಕಲಿಯಿತು. ಮದರಾಸಿಗೆ ಸಹಜವಾದ ಬಂದರಿರಲಿಲ್ಲ. ಹಡಗುಗಳು ಆಳದಲ್ಲಿ ನಿಲ್ಲುತ್ತಿದ್ದವು. ಜನರನ್ನೂ ಸರಕನ್ನೂ ದಡಕ್ಕೆ ತರುತ್ತಿದ್ದದ್ದು ಹಲಗೆಗಳನ್ನು ನಾರಿನ ಹುರಿಯಿಂದ ಹೊಲಿದು ಮಾಡಿದ ಮಸೂಲಾ ದೋಣಿಗಳು. ಅಲೆಯ ಹೊಡೆತಕ್ಕೆ ಮೊಳೆ ಹೊಡೆದ ದೋಣಿ ಸೀಳುತ್ತಿತ್ತು, ಹೊಲಿದ ದೋಣಿ ಬಳುಕಿ ಬದುಕುತ್ತಿತ್ತು. ಕಟ್ಟುಮರವಂತೂ ಈ ದಡದಿಂದ ಹೊರಟು ಜಗತ್ತಿನ ಭಾಷೆಗಳಿಗೆಲ್ಲ ಹೋದ ಮಾತು. 1875ರಲ್ಲಿ ವೇಲ್ಸಿನ ರಾಜಕುಮಾರ ಬಂದರಿಗೆ ಅಡಿಗಲ್ಲು ಇಟ್ಟ. 1881ರ ನವೆಂಬರಿನ ಚಂಡಮಾರುತ ಕಟ್ಟಿದ್ದನ್ನು ಕೆಡವಿತು. ಮತ್ತೆ ಕಟ್ಟಿದರು. ಕಡಲಿಗೆ ಅಡ್ಡ ನಿಂತ ಆ ಗೋಡೆಗಳು ತೆಂಡಿ ತರುತ್ತಿದ್ದ ಮರಳನ್ನು ತಡೆದವು. ಗೋಡೆಯ ತೆಂಕಣ ಬದಿಯಲ್ಲಿ ಮರಳು ಗುಡ್ಡೆಯಾಗಿ ಇಂದಿನ ಮರೀನಾದ ಅಗಲವಾದ ದಡ ಬೆಳೆಯಿತು. ಅದರ ಬದಿಯ ನಡೆದಾರಿ ಮಾಡಿಸಿದ್ದು 1880ರ ದಶಕದಲ್ಲಿ, ಗವರ್ನರ್ ಗ್ರಾಂಟ್ ಡಫ್. ಬಡಗಣ ಬದಿಯಲ್ಲಿ ಬರಬೇಕಿದ್ದ ಮರಳು ಬರಲಿಲ್ಲ. ರಾಯಪುರಂನಿಂದ ಎಣ್ಣೂರಿನ ಕಡೆಗೆ ಕಡಲು ಮನೆಗಳನ್ನು ತಿಂದಿತು. ಇಂದು ಅಲ್ಲಿ ದಡವೆಂದರೆ ಕಲ್ಲುಬಂಡೆಗಳ ಸಾಲು. ಊರೆಲ್ಲ ಮರೀನಾಕ್ಕೆ ಹೋಗಿ ಗಾಳಿ ತೆಗೆದುಕೊಳ್ಳುವುದು ಬಡಗಣ ಚೆನ್ನೈನ ಮೀನುಗಾರರು ಕಳೆದುಕೊಂಡ ಮರಳಿನ ಮೇಲೆ. ಇದನ್ನು ನಾನು ಆರೋಪವಾಗಿ ಬರೆಯುತ್ತಿದ್ದೇನೆ, ಆರೋಪವೇ ಹೌದು.

ಊರೂರ್ ಕುಪ್ಪದ ಹಿರಿಯ ಮೀನುಗಾರರೊಬ್ಬರು ಕೆಲ ವರ್ಷಗಳ ಹಿಂದೆ ದಿನದಿನದ ಗಾಳಿ, ನೀರಿನ ಓಟ, ಅಲೆ, ಸಿಕ್ಕ ಮೀನು ಇವನ್ನು ಬರೆದಿಡಲು ತೊಡಗಿದರು. ಬೆಸೆಂಟ್ ನಗರದ ಪರಿಸರ ಹೋರಾಟಗಾರ ನಿತ್ಯಾನಂದ ಜಯರಾಮನ್ ಅದನ್ನು ಹೊರಜಗತ್ತಿಗೆ ತಲುಪಿಸಲು ಕೈಜೋಡಿಸಿದರು. ಇವರೇ ಗಾಯಕ ಟಿ.ಎಂ. ಕೃಷ್ಣ ಮತ್ತು ಗೆಳೆಯರೊಂದಿಗೆ 2015ರಲ್ಲಿ ಕುಪ್ಪದ ಬೀದಿಯಲ್ಲಿ ಸಂಗೀತದ ಹಬ್ಬ ಶುರುಮಾಡಿದವರು. ಹಬ್ಬಕ್ಕೆ ಬಂದ ಪತ್ರಕರ್ತರು ಕೃಷ್ಣರ ಹಾಡಿನ ಬಗ್ಗೆ ಬಹಳ ಬರೆದರು. ನನಗೆ ಆ ದಿನಚರಿ ಹೆಚ್ಚು ಮುಖ್ಯ ಅನ್ನಿಸುತ್ತದೆ. ಪಳ್ಳಿಕರಣೈನಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಇದೆ, ಅದು ಕಡಲಿನಲ್ಲಿ ತೇಲುಮಾಪಕಗಳನ್ನು ಇಟ್ಟು ಕಡಲನ್ನು ಅಳೆಯುತ್ತದೆ. ಆಳದ ಕಡಲಿನ ಲೆಕ್ಕ ಅದರಿಂದ ಸಿಗುತ್ತದೆ. ದಡದಿಂದ ಕೂಗಳತೆಯ ನೀರು ಇವತ್ತು ಎತ್ತ ಹರಿಯಿತು ಎಂಬುದನ್ನು ದಿನ ತಪ್ಪದೆ ನೋಡುವವನು ಅದರ ಮೇಲೆ ದೋಣಿ ಬಿಡುವವನೇ.

ಕನ್ನಡಿಗನಿಗೆ ಈ ಮಾತುಗಳು ಪರಕೀಯವಲ್ಲ. ತೆಂಡಿಯಲ್ಲಿ ನಮ್ಮ ತೆಂಕಣ ಇದೆ, ವಾಡೈಯಲ್ಲಿ ನಮ್ಮ ಬಡಗಣ ಇದೆ. ಯಕ್ಷಗಾನದಲ್ಲಿ ತೆಂಕು, ಬಡಗು ಎಂಬ ತಿಟ್ಟುಗಳಾಗಿ ಈ ದಿಕ್ಕುಗಳು ಇಂದಿಗೂ ಕುಣಿಯುತ್ತಿವೆ. ಬನವಾಸಿಯನ್ನು ಪಂಪನ ನೆನಪಿಗೆ ತಂದ ಗಾಳಿ ತೆಂಕಣದ್ದೇ. ಆದರೆ ಒಳನಾಡಿನ ಬರಹದ ಕನ್ನಡ ಕಡಲನ್ನು ಕಂಡದ್ದು ಹೆಚ್ಚಾಗಿ ದೂರದಿಂದ. ಶಾಲೆಯ ಪುಸ್ತಕ ನೀರಿನ ಓಟಕ್ಕೆ ‘ಸಾಗರ ಪ್ರವಾಹ’ ಅನ್ನುತ್ತದೆ. ಮಗುವಿನ ಕಣ್ಣಿಗೆ ಬರುವುದು ನೆರೆ. ಪ್ರತಿ ಅಕ್ಟೋಬರಿನಲ್ಲಿ ಪತ್ರಿಕೆಗಳ ಮುಖಪುಟದಲ್ಲಿ ‘ವಾಯುಭಾರ ಕುಸಿತ’ ಬರುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದಕ್ಕೆ ಖಚಿತವಾದ ಅರ್ಥವಿದೆ: ಗಾಳಿಯ ವೇಗ ಗಂಟೆಗೆ 31ರಿಂದ 49 ಕಿಲೋಮೀಟರ್ ಇದ್ದರೆ ಅದು, 50ರಿಂದ 61 ಆದರೆ ಅದರ ತೀವ್ರ ರೂಪ, 62 ಮುಟ್ಟಿದರೆ ಚಂಡಮಾರುತ, ಆಗ ಅದಕ್ಕೆ ಹೆಸರಿಡುತ್ತಾರೆ. ಈ ಅಂಕಿಗಳನ್ನು ಪಕ್ಕದಲ್ಲಿ ಬರೆಯದ ‘ವಾಯುಭಾರ ಕುಸಿತ’ ಓದುಗನಿಗೆ ಮಳೆ ಬರುತ್ತದೆ ಎಂಬುದಕ್ಕಿಂತ ಹೆಚ್ಚೇನನ್ನೂ ಹೇಳುವುದಿಲ್ಲ. ತಮಿಳುನಾಡಿನಲ್ಲಿ ಬಂದರಿನಲ್ಲಿ ಏರಿಸುವ ಗುರುತಿಗೆ ‘ಪುಯಲ್ ಎಚ್ಚರಿಕೆ ಕೂಂಡು’ ಎಂಬ ಮಾತಿದೆ. ಇಂಥ ಗುರುತುಗಳು 1ರಿಂದ 11ರವರೆಗೆ ಇವೆ. ಎಷ್ಟನೇ ನಂಬರಿನ ಕೂಂಡು ಏರಿತು ಎಂದು ರೇಡಿಯೊ ಹೇಳಿದರೆ ಸಾಕು, ಕುಪ್ಪದ ಅಜ್ಜಿಗೂ ದೋಣಿಯನ್ನು ಎಷ್ಟು ಮೇಲಕ್ಕೆ ಎಳೆಸಬೇಕೆಂದು ತಿಳಿಯುತ್ತದೆ.

ನಮ್ಮ ಕರಾವಳಿಯಲ್ಲಿ ಮಾತಿಗೆ ಬಡತನವಿದೆ ಎಂದು ಇದರರ್ಥವಲ್ಲ. ಅಲ್ಲಿನ ಕಡಲೇ ಬೇರೆ, ಹಾಗಾಗಿ ಮಾತೂ ಬೇರೆ. ಚೆನ್ನೈನಲ್ಲಿ ಉಬ್ಬರ ಇಳಿತದ ಅಂತರ ಅಮಾವಾಸ್ಯೆ ಹುಣ್ಣಿಮೆಗೂ ಸುಮಾರು ಒಂದು ಮೀಟರ್. ಕಾರವಾರದಲ್ಲಿ ಅದು ಸುಮಾರು ಎರಡು ಮೀಟರ್. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಹತ್ತು ಮೀಟರನ್ನೂ ದಾಟುತ್ತದೆ. ಆದ್ದರಿಂದ ಊರೂರ್ ಕುಪ್ಪದವರ ಗಮನ ದಡದುದ್ದ ಹರಿಯುವ ನೀರಿನ ಮೇಲೆ. ಉತ್ತರ ಕನ್ನಡದ ಅಳಿವೆ ಬದಿಯವರ ಗಮನ ಭರತ ಇಳಿತದ ಮೇಲೆ. ಅಘನಾಶಿನಿಯಲ್ಲಿ ಬಳಚು ಹೆಕ್ಕುವ ಹೆಂಗಸರ ದಿನಚರಿ ನಡೆಯುವುದು ಇಳಿತದ ಲೆಕ್ಕದಲ್ಲಿ. ಗಡಿಯಾರದಲ್ಲಿ ಗಂಟೆ ಎಷ್ಟೇ ಇರಲಿ, ನೀರು ಇಳಿದಾಗ ಅವರ ಕೆಲಸ ಶುರು.

ಉಡುಪಿ ಕಡೆಯ ನಾಡದೋಣಿ ಮೀನುಗಾರರ ಬಾಯಲ್ಲಿ ‘ತೂಫಾನ್’ ಎಂಬ ಮಾತು ಕೇಳಬೇಕು. ಊರಿನವರಿಗೆ ತೂಫಾನ್ ಎಂದರೆ ಕೇಡು. ನಾಡದೋಣಿಯವರು ಅದನ್ನು ಕಾಯುತ್ತಾರೆ. ಮುಂಗಾರು ಶುರುವಾದ ಮೇಲೆ ಕಡಲು ಒಮ್ಮೆ ಎದ್ದು ಅಬ್ಬರಿಸಿ, ತಳವೆಲ್ಲ ಕಲಕಿ, ಮತ್ತೆ ಇಳಿಯಬೇಕು. ಆಮೇಲೆ ಮೀನು ದಡದ ಹತ್ತಿರಕ್ಕೆ ಬರುತ್ತದೆ. ತೂಫಾನ್ ಆಗದೆ ಜೂನ್ ಕಳೆದರೆ ಅವರ ಮುಖ ಬಾಡುತ್ತದೆ. ಯಂತ್ರದೋಣಿಗಳು ನಿಷೇಧದಿಂದ ದಡದಲ್ಲಿ ನಿಂತಿರುವ ಆ ಎರಡು ತಿಂಗಳು ನಾಡದೋಣಿಗೆ ವರ್ಷದ ದುಡಿಮೆ. ಬಲವೊಂದನ್ನು ಹೆದರಿಕೆಯಿಂದಲೂ ಕರೆಯಬಹುದು, ಹಸಿವಿನಿಂದಲೂ ಕರೆಯಬಹುದು; ಈ ಎರಡೂ ಒಂದೇ ಮಾತಿನಲ್ಲಿ ಕೂತಿರುವುದು ಅಲ್ಲಿನ ಬದುಕು.

ಇನ್ನೊಂದು ಮಾತು ‘ಕಡಲ್ಕೊರೆತ’. ಮಳೆಗಾಲ ಬಂತೆಂದರೆ ಉಳ್ಳಾಲ, ಸೋಮೇಶ್ವರ, ಉಚ್ಚಿಲ, ಗಡಿ ದಾಟಿದರೆ ಕಾಸರಗೋಡಿನ ಮಂಜೇಶ್ವರ, ಉಪ್ಪಳದಿಂದ ಈ ಸುದ್ದಿ ತಪ್ಪದೆ ಬರುತ್ತದೆ. ತೆಂಗಿನ ಬುಡ ಬಯಲಾಗುತ್ತದೆ, ರಸ್ತೆ ಅರ್ಧ ಕುಸಿಯುತ್ತದೆ, ಮಂತ್ರಿಗಳು ಬಂದು ನೋಡಿ ಕಲ್ಲು ಹಾಕಿಸಲು ಹೇಳುತ್ತಾರೆ. ಕಡಲೇ ತಾನಾಗಿ ಕೊರೆಯುತ್ತಿದೆ ಎಂಬಂತೆ ಕೇಳಿಸುವ ಈ ಮಾತು ಅರ್ಧ ಸತ್ಯ. ಅಳಿವೆಬಾಗಿಲಿಗೆ ಕಟ್ಟಿದ ತಡೆಗೋಡೆಗಳು, ನದಿಯಿಂದ ಎತ್ತಿದ ಮರಳು, ಅಣೆಕಟ್ಟಿನ ಹಿಂದೆ ನಿಂತುಹೋದ ಹೂಳು, ಒಂದು ಊರನ್ನು ಉಳಿಸಲು ಸುರಿದ ಬಂಡೆಗಳು ಪಕ್ಕದ ಊರಿಗೆ ತಂದ ಹೊಡೆತ, ಇವೆಲ್ಲ ಆ ಕೊರೆತದೊಳಗೆ ಇವೆ. ಮರೀನಾ ಬೆಳೆದು ರಾಯಪುರಂ ಕರಗಿದ ಕಥೆ ನಮ್ಮಲ್ಲಿ ಸಣ್ಣ ಸಣ್ಣ ತುಂಡುಗಳಾಗಿ ನಡೆಯುತ್ತಿದೆ. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ನೀರಿನಡಿಯ ದಿಬ್ಬಗಳನ್ನು ಕಟ್ಟಿದ್ದೂ ಆಗಿದೆ. ಸೋಮೇಶ್ವರ, ಉಚ್ಚಿಲದವರು ಮಾತ್ರ ಪ್ರತಿ ಜೂನಿನಲ್ಲೂ ಮನೆಯ ಸಾಮಾನು ಕಟ್ಟಿಟ್ಟುಕೊಂಡೇ ಮಲಗುತ್ತಾರೆ.

ಕಾಸರಗೋಡಿನಿಂದ ತೆಂಕಣಕ್ಕೆ ಹೋದರೆ ‘ಕಳ್ಳಕ್ಕಡಲ್’ ಎಂಬ ಮಾತು ಸಿಗುತ್ತದೆ. ಮಲೆಯಾಳಿ ಮೀನುಗಾರರದ್ದು, ಕನ್ನಡಿಗನಿಗೆ ಅರ್ಥ ಹೇಳಬೇಕಿಲ್ಲ. ಆಕಾಶ ಶುಭ್ರ, ಗಾಳಿ ಇಲ್ಲ, ಮಳೆ ಇಲ್ಲ, ಕಡಲು ಮಾತ್ರ ಇದ್ದಕ್ಕಿದ್ದಂತೆ ದಡ ದಾಟಿ ಮನೆಯೊಳಗೆ ನುಗ್ಗುತ್ತದೆ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಸಾವಿರಾರು ಕಿಲೋಮೀಟರ್ ಆಚೆ ಎದ್ದ ಬಿರುಗಾಳಿ ಹುಟ್ಟಿಸಿದ ಉದ್ದನೆಯ ಅಲೆಗಳು ದಿನಗಟ್ಟಲೆ ಪಯಣಿಸಿ ಬಂದು ತಲುಪುವ ಹೊತ್ತು ಅದು. ನಡುಕಡಲಿನಲ್ಲಿ ಅವು ಕಣ್ಣಿಗೂ ಬೀಳವು. ದಡದ ಬಳಿ ತಳ ಮೇಲೇರಿದಂತೆ ಎದ್ದು ನಿಲ್ಲುತ್ತವೆ. ಒಂದು ಅಲೆಗೂ ಇನ್ನೊಂದಕ್ಕೂ ನಡುವೆ ಹದಿನೈದು ಇಪ್ಪತ್ತು ಸೆಕೆಂಡಿನ ಬಿಡುವು ಇರುತ್ತದೆ. ಆ ಬಿಡುವನ್ನೇ ಜನ ಶಾಂತ ಕಡಲೆಂದು ನಂಬಿ ಬಂಡೆಗಳ ಮೇಲೆ ಇಳಿಯುವುದು. ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ ಇದು ಹೆಚ್ಚು.

ವಿಜ್ಞಾನಿಗಳು ಇದಕ್ಕೆ ಬೇರೆ ಹೆಸರು ಹುಡುಕಲಿಲ್ಲ. ಮೀನುಗಾರರ ಮಾತನ್ನೇ ಎತ್ತಿಕೊಂಡರು. 2012ರಲ್ಲಿ ಯುನೆಸ್ಕೊ ಕೂಡ ‘ಕಳ್ಳಕ್ಕಡಲ್’ ಅನ್ನು ವೈಜ್ಞಾನಿಕ ಬಳಕೆಗೆ ಒಪ್ಪಿತು. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ, ಇನ್‌ಕಾಯ್ಸ್, ಇಂದು ಎಚ್ಚರಿಕೆ ಕೊಡುವಾಗ ಬಳಸುವುದು ಇದೇ ಹೆಸರನ್ನು. ಕರ್ನಾಟಕದ ಕರಾವಳಿಗೂ, ತಮಿಳುನಾಡಿಗೂ ಇಂಥ ಎಚ್ಚರಿಕೆಗಳು ಬರುತ್ತವೆ.

ಮಾತೊಂದು ಒಳ್ಳೆಯದಾಗಿದ್ದರೆ ಸಾಲದು, ಅದು ಕೇಳಬೇಕಾದವನ ಕಿವಿ ತಲುಪಬೇಕು. 2024ರ ಮೇ ಮೊದಲ ವಾರ ಕೇರಳ ಮತ್ತು ತಮಿಳುನಾಡಿನ ಕರಾವಳಿಗೆ ಕಳ್ಳಕ್ಕಡಲಿನ ಎಚ್ಚರಿಕೆ ಇತ್ತು. ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಲೆಮೂರ್ ಬೀಚಿನಲ್ಲಿ ಐವರು ವೈದ್ಯ ವಿದ್ಯಾರ್ಥಿಗಳು ಕೊಚ್ಚಿಹೋದರು. ಅದೇ ದಡದ ಮೀನುಗಾರನಿಗೆ ಆ ಮಾತು ಕೇಳಿದೊಡನೆ ಮೈ ಜುಂ ಅನ್ನುತ್ತದೆ. ದಡಕ್ಕೆ ಹೊಸಬರಾದ ವಿದ್ಯಾರ್ಥಿಗಳಿಗೆ ಅದು ಹಾಗೆ ಮುಟ್ಟಿರಲಾರದು.

ಮಾತು ತಲುಪಿದಾಗ ಏನಾಗುತ್ತದೆ ಎಂಬುದಕ್ಕೆ ಇಂಡೊನೇಷ್ಯಾದ ಸಿಮುಲುವೆ ದ್ವೀಪ ಸಾಕ್ಷಿ. 1907ರಲ್ಲಿ ಅಲ್ಲಿ ಭೂಕಂಪವಾಗಿ ಸುನಾಮಿ ಬಂದು ಬಹಳ ಜನ ಸತ್ತರು. ಬದುಕಿದವರು ಅದಕ್ಕೆ ‘ಸ್ಮೊಂಗ್’ ಎಂದು ಹೆಸರಿಟ್ಟು ಮಕ್ಕಳಿಗೆ ಜೋಗುಳದಲ್ಲಿ, ಕಥೆಯಲ್ಲಿ ಹೇಳುತ್ತ ಬಂದರು: ನೆಲ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡು. 2004ರ ಡಿಸೆಂಬರ್ 26ರ ಬೆಳಿಗ್ಗೆ ಯಾರೋ ‘ಸ್ಮೊಂಗ್’ ಎಂದು ಕೂಗಿದರು, ಇಡೀ ದ್ವೀಪ ಗುಡ್ಡ ಏರಿತು. ಭೂಕಂಪದ ಕೇಂದ್ರಕ್ಕೆ ಅಷ್ಟು ಹತ್ತಿರವಿದ್ದೂ ಸುಮಾರು 78,000 ಜನರಲ್ಲಿ ಸತ್ತವರು ಏಳು ಮಂದಿ. ನಮ್ಮ ದಡದಲ್ಲಿ ಅದೇ ದಿನ ಕಡಲು ಹಿಂದೆ ಸರಿದಾಗ ಜನ ಚಿಪ್ಪು ಹೆಕ್ಕಲು, ನೋಡಲು ಮುಂದೆ ಹೋದರು. ಆ ಬಲಕ್ಕೆ ನಮ್ಮಲ್ಲಿ ಬಳಕೆಯ ಮಾತೇ ಇರಲಿಲ್ಲ. ತಮಿಳಿನವರು ಆಮೇಲೆ ‘ಆಳಿಪ್ಪೇರಲೈ’ ಎಂದು ಕಟ್ಟಿಕೊಂಡರು, ಕನ್ನಡದ ಪತ್ರಿಕೆಗಳು ‘ರಕ್ಕಸ ಅಲೆ’ ಎಂದವು. ರಕ್ಕಸ ಅಲೆ ಹೆದರಿಸುತ್ತದೆ, ಎತ್ತ ಓಡಬೇಕೆಂದು ಹೇಳುವುದಿಲ್ಲ.

ಬೆಸೆಂಟ್ ನಗರದ ದಡಕ್ಕೂ ಅಂದು ನೀರು ನುಗ್ಗಿತು. ಪುದುಚೇರಿಯ ನಲ್ಲವಾಡು ಎಂಬ ಊರು ಮಾತ್ರ ಬೇರೆ ರೀತಿ ಪಾರಾಯಿತು. ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ಅಲ್ಲಿನ ಮೀನುಗಾರರಿಗಾಗಿ ಒಂದು ಮಾಹಿತಿ ಕೇಂದ್ರ ನಡೆಸುತ್ತಿತ್ತು. ದಿನವೂ ಅಲೆಯ ಎತ್ತರವನ್ನು ಧ್ವನಿವರ್ಧಕದಲ್ಲಿ ಕೂಗಿ ಹೇಳುವ ರೂಢಿ ಇತ್ತು. ಸಿಂಗಪುರದಲ್ಲಿದ್ದ ಊರಿನ ಹುಡುಗನೊಬ್ಬ ಟಿ.ವಿ.ಯಲ್ಲಿ ಸುದ್ದಿ ನೋಡಿ ಮನೆಗೆ ಫೋನ್ ಮಾಡಿದ. ಊರಿನವರು ಬಾಗಿಲು ಮುಚ್ಚಿದ್ದ ಕೇಂದ್ರವನ್ನು ಒಡೆದು ಒಳಹೊಕ್ಕು ಧ್ವನಿವರ್ಧಕದಲ್ಲಿ ಕೂಗಿದರು. ಜನ ಓಡಿ ಉಳಿದರು. ಆ ಧ್ವನಿವರ್ಧಕದ ಮಾತಿಗೆ ಊರು ಆಗಲೇ ಕಿವಿಗೊಟ್ಟು ಪಳಗಿತ್ತು. ಹೊಸದಾಗಿ ತಂದಿಟ್ಟ ಸೈರನ್ ಅಷ್ಟು ಕೆಲಸ ಮಾಡುತ್ತಿತ್ತೆಂದು ನಾನು ನಂಬುವುದಿಲ್ಲ.

2024ರ ಡಿಸೆಂಬರ್ 10ರಂದು ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ಕಡಲುಪಾಲಾದರು. ಬರಡು ಸೀಮೆಯ ಮಕ್ಕಳು. ಕಡಲು ಕಾಣುವ ಆಸೆಯಲ್ಲೇ ಬಂದವರು. ಆಮೇಲೆ ಬೀಚನ್ನು ಕೆಲಕಾಲ ಮುಚ್ಚಿದರು, ಶಿಕ್ಷಕರ ಮೇಲೆ ಕೇಸು ಹಾಕಿದರು. ನಮ್ಮ ಬೀಚುಗಳಲ್ಲಿ ನಿಂತಿರುವ ಫಲಕಗಳು ‘ಅಪಾಯ, ಈಜುವುದನ್ನು ನಿಷೇಧಿಸಲಾಗಿದೆ’ ಅನ್ನುತ್ತವೆ. ಈಜಲು ಬಾರದ ಮಗು ತಾನು ಈಜುತ್ತಿಲ್ಲ, ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೇನೆ ಅಂದುಕೊಳ್ಳುತ್ತದೆ. ‘ನೊರೆ ಇಲ್ಲದ ಕಪ್ಪು ಪಟ್ಟಿಗೆ ಇಳಿಯಬೇಡಿ, ಅದು ಸೆಳೆತ, ಸಿಕ್ಕಿಕೊಂಡರೆ ದಡದ ಕಡೆ ಈಜದೆ ಅಡ್ಡ ಬನ್ನಿ, ಕೈ ಎತ್ತಿ ಕೂಗಿ’ ಎಂದು ಚಿತ್ರ ಬರೆದು ಹಾಕಲು ಎಷ್ಟು ಖರ್ಚಾಗುತ್ತದೆ? ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್. ಜನ ಗುಂಪಾಗಿ ನೀರಿಗಿಳಿಯುವ ಜಾಗಗಳು ಅದರಲ್ಲಿ ಕೆಲವೇ ಕೆಲವು.

‘ಸೆಳೆತ’ ನಾನು ಆರಿಸಿದ ಮಾತು, ಪತ್ರಿಕೆಗಳಲ್ಲೂ ಆಗಾಗ ಬರುವ ಮಾತು. ಅದಕ್ಕಿಂತ ಮೊನಚಾದದ್ದು ಕಡಲಬದಿಯವರ ಬಾಯಲ್ಲಿ ಇದ್ದೇ ಇರುತ್ತದೆ. ಮೊಗವೀರರು, ಖಾರ್ವಿಗಳು, ಹರಿಕಂತ್ರರು, ಗಾಬಿತರು, ಅಂಬಿಗರು ತುಳು, ಕುಂದಾಪ್ರ ಕನ್ನಡ, ಕೊಂಕಣಿಗಳಲ್ಲಿ ಅದನ್ನು ಒಂದೊಂದು ದಡದಲ್ಲಿ ಒಂದೊಂದು ಹೆಸರಿನಿಂದ ಕರೆಯುತ್ತಿರಬೇಕು. ಅವನ್ನು ಕೇಳಿ ಬರೆದುಕೊಳ್ಳಲು ವಿಶ್ವವಿದ್ಯಾಲಯದ ಯೋಜನೆ ಮಂಜೂರಾಗುವವರೆಗೆ ಕಾಯಬೇಕಿಲ್ಲ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರದಲ್ಲಿ ಯಂತ್ರದೋಣಿಗಳು ದಡದಲ್ಲಿ ಕಟ್ಟಿರುತ್ತವೆ. ಹಿರಿಯರು ಶೆಡ್ಡಿನೊಳಗೆ ಕೂತು ಬಲೆ ಹೆಣೆಯುತ್ತಿರುತ್ತಾರೆ. ಅದೇ ಹೊತ್ತಿಗೆ ಶಾಲೆಗಳು ಹೊಸದಾಗಿ ತೆರೆದು, ಮಕ್ಕಳಿಗೆ ಯೋಜನಾ ಕೆಲಸ ಹಂಚಲು ಮೇಷ್ಟ್ರುಗಳು ವಿಷಯ ಹುಡುಕುತ್ತಿರುತ್ತಾರೆ.